ತಟ್ಟಿದೊಡನೆ ಹೆಪ್ಪುಗಟ್ಟುವ ನೀರು: ಫ್ರೀಜರಿನೊಳಗೇ ಗಟ್ಟಿಯಾದರೆ?

ಪ್ರಶ್ನೆ: ನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ದ್ರವವಾಗಿಯೇ ಇದ್ದು, ಬಾಟಲಿ ತಟ್ಟಿದಾಗ ಮಾತ್ರ ಹೆಪ್ಪುಗಟ್ಟಬೇಕು. ಆದರೆ ಒಳಗೇ ಗಟ್ಟಿಯಾಗಿಬಿಡುತ್ತೆ. ಯಾಕೆ?

ಉತ್ತರ 1: ನಲ್ಲಿ ನೀರಾದರೆ ಮೊದಲು ಅದನ್ನು ಬಿಡಿ. ಮಂಜಿನ ಹರಳು ಬೆಳೆಯಲು ಧೂಳಿನ ಕಣವೋ ಬಾಟಲಿಯೊಳಗಿನ ಗೀರೋ ಸಾಕು. ಸೀಲ್ ಒಡೆಯದ, ಶುದ್ಧೀಕರಿಸಿದ ನೀರಿನ ಅರ್ಧ ಲೀಟರ್ ಬಾಟಲಿ ಮೂರ್ನಾಲ್ಕನ್ನು ಒಂದಕ್ಕೊಂದು ತಾಗದಂತೆ ಮಲಗಿಸಿ. ಫ್ರೀಜರ್ −18 ಡಿಗ್ರಿಯಲ್ಲಿದ್ದರೆ ಸುಮಾರು 2 ಗಂಟೆ ಮುಟ್ಟಬೇಡಿ. ಆಮೇಲೆ 10 ನಿಮಿಷಕ್ಕೊಮ್ಮೆ ಇಣುಕಿ. ಒಂದು ಗಟ್ಟಿಯಾಯಿತೆಂದರೆ ಉಳಿದವನ್ನು ಮೆಲ್ಲಗೆ ತೆಗೆಯಿರಿ. ಗಾಜಿನ ಬಾಟಲಿ ಬೇಡವೇ ಬೇಡ, ಒಡೆಯುತ್ತೆ.

ಉತ್ತರ 2: ಪೂರ್ತಿ ಗಡ್ಡೆಯಾಗುತ್ತೆ ಅಂತ ಕಾಯಬೇಡಿ, ಆಗೋದು ಗಂಜಿಯಂಥ ಮಂಜು. ಲೆಕ್ಕ ಸರಳ: −8 ಡಿಗ್ರಿಯ ನೀರು 0ಗೆ ಏರಲು ಗ್ರಾಂಗೆ ಸುಮಾರು 34 ಜೂಲ್ ಬೇಕು. ಹೆಪ್ಪುಗಟ್ಟುವ ಪ್ರತಿ ಗ್ರಾಂ 334 ಜೂಲ್ ಶಾಖ ಬಿಡುತ್ತೆ. ಹಾಗಾಗಿ ಹತ್ತರಲ್ಲೊಂದು ಭಾಗ ಗಟ್ಟಿಯಾಗುವಷ್ಟರಲ್ಲೇ ಉಳಿದದ್ದು 0 ಡಿಗ್ರಿ ಮುಟ್ಟಿ ನಿಲ್ಲುತ್ತೆ.

ಪ್ರಶ್ನೆ ಕೇಳಿದವರು: ಅಂದರೆ ಹೆಪ್ಪುಗಟ್ಟುವಾಗ ಬಾಟಲಿ ಬಿಸಿಯಾಗುತ್ತಾ?

ಉತ್ತರ 2: ಹೌದು, −8ರಿಂದ 0ಗೆ. ಥರ್ಮಾಮೀಟರನ್ನು ಹೊರಗೆ ಅಂಟಿಸಿ ನೋಡಿ. ಒಳಗಿಳಿಸಿದರೆ ಅದೇ ಹರಳಿಗೆ ನೆಪವಾಗುತ್ತೆ.