ಬಿದಿರು ಬುಟ್ಟಿ, ಬೀಜದ ಸರ, ತೋಟದ ಫೋಟೋ: ಮಾರೋಕೆ ಹೊರಟಿದ್ದೀವಿ, ಸ್ವಲ್ಪ ಐಡಿಯಾ ಕೊಡಿ

ಸಿದ್ದಾಪುರ_ತೋಟ:
ಎಲ್ರಿಗೂ ನಮಸ್ಕಾರ. ನಮ್ದು ಕೊಡಗಿನ ಸಿದ್ದಾಪುರ ಕಡೆ ಸಣ್ಣ ತೋಟ. ಕಾಫಿ ಕುಯ್ಲು ಮುಗಿದ್ಮೇಲೆ ನಾನು ಗುಲಗಂಜಿ ಸರ, ಬಾಳೆನಾರಿನ ಚಿಕ್ಕ ಚೀಲ ಅಂತ ಏನಾದ್ರೂ ಮಾಡ್ತಾ ಇರ್ತೀನಿ. ನಮ್ಮ ಲೈನಲ್ಲಿ, ಅಂದ್ರೆ ತೋಟದ ಕೆಲಸದವ್ರ ಮನೆ ಸಾಲಲ್ಲಿರೋ ಯರವ ಬುಡಕಟ್ಟಿನ ಅಜ್ಜಿ ಬುಟ್ಟಿ ಹೆಣೀತಾರೆ, ಅವ್ರು ಬಿದಿರು ಸೀಳೋದು ನೋಡ್ಬೇಕು ನೀವು, ಕತ್ತಿ ಕಡೆ ಕಣ್ಣೇ ಇರಲ್ಲ, ಎಲೆಅಡಿಕೆ ಜಗೀತಾ ನನ್ ಹತ್ರ ಮಾತಾಡ್ತಾ ಇರ್ತಾರೆ, ಸೀಳು ಮಾತ್ರ ಗಿಣ್ಣು ಬಂದ ಕಡೆನೂ ಒಂದೇ ದಪ್ಪಕ್ಕೆ ಬರ್ತಾ ಇರುತ್ತೆ. ಬುಟ್ಟಿ ಜೊತೆ ನಾನು ತೆಗೆದ ಕಾಫಿ ಹೂ, ಹಕ್ಕಿ ಫೋಟೋಗಳನ್ನ ಕಾರ್ಡ್ ಮಾಡಿಸಿ ಒಟ್ಟಿಗೆ ಮಾರೋಣ ಅಂತ ಪ್ಲಾನ್. ಆದ್ರೆ ಬುಟ್ಟಿ ಮಳೆಗಾಲ ಕಳೆಯೋದ್ರೊಳಗೆ ಬೂಷ್ಟು, ಆಮೇಲೆ ಕುಟ್ಟೆ ಹುಳ ಹಿಡಿದು ಕೆಳಗೆಲ್ಲ ಹಿಟ್ಟು ಉದುರುತ್ತೆ. ಫೋಟೋ ತೆಗೆದ್ರೆ ಹಳದಿ ಬುಟ್ಟಿ ಹಸಿರುಹಸಿರಾಗಿ ಕಾಣುತ್ತೆ. ರೇಟ್ ಎಷ್ಟು ಹಾಕೋದು ಅಂತಾನೂ ಗೊತ್ತಾಗ್ತಿಲ್ಲ. ಒಂದು ಅಂಗಡಿಯವ್ರು ಸೇಲ್ ಆದ್ರೆ ದುಡ್ಡು ಅಂತ ಹತ್ತಾರು ಬುಟ್ಟಿ ಇಟ್ಕೊಂಡವ್ರು ಈಗ ಫೋನೇ ಎತ್ತಲ್ಲ.

ಬಿದಿರುಮೆಳೆ:
ಕುಟ್ಟೆ ಬರೋದು ಬಿದಿರೊಳಗಿನ ಪಿಷ್ಟಕ್ಕೆ ಅಕ್ಕ, ಅದನ್ನ ತೆಗೆದ್ರೆ ಅರ್ಧ ಕೆಲಸ ಆಯ್ತು. ಎಳೇ ಬಿದಿರು ಬೇಡ, ಮೂರು ನಾಲ್ಕು ವರ್ಷ ಬಲಿತಿದ್ದು ಮಳೆ ನಿಂತ ಮೇಲೆ ಕಡಿಸಿ. ಹೊಸ ಕಳಲೆ ಏಳೋ ಹೊತ್ತಲ್ಲಿ ಕಡಿಯೋಕೆ ಹೋಗ್ಬೇಡಿ. ಕಡಿದಿದ್ದನ್ನ ಹರಿಯೋ ನೀರಲ್ಲಿ ಎರಡು ಮೂರು ವಾರ ಮುಳುಗಿಸಿಡಿ, ಪಿಷ್ಟ ತೊಳೆದು ಹೋಗುತ್ತೆ, ನಾತ ಹೊಡೆಯುತ್ತೆ ಅದಕ್ಕೆ ಹೆದರ್ಬೇಡಿ. ತೀರಾ ಕಾಟ ಅಂದ್ರೆ ಬೋರಾಕ್ಸ್ ಮತ್ತೆ ಬೋರಿಕ್ ಆಸಿಡ್ ಮಿಕ್ಸ್, ಎರಡೂ ಸೇರಿ 20 ಲೀಟರ್ ನೀರಿಗೆ 1 ಕೆಜಿ ಲೆಕ್ಕ, ಅದರಲ್ಲಿ ಸೀಳು ನೆನೆಸಿ ನೆರಳಲ್ಲಿ ಒಣಗಿಸಿ. ಅನ್ನ ಬಸಿಯೋ ಬುಟ್ಟಿ, ಹಣ್ಣಿನ ಬುಟ್ಟಿಗೆ ಮಾತ್ರ ಇದು ಬೇಡ. ಅದಕ್ಕೆ ನಮ್ಮ ಹಿರಿಯರ ಉಪಾಯನೇ ಸಾಕು, ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡೋದು, ಬಣ್ಣನೂ ಚೆಂದ ಬರುತ್ತೆ. ಮೊದ್ಲು ವಾರ್ನಿಶ್ ಹೊಡೆದು ಆಮೇಲೆ ಒಣಗಿಸ್ತೀನಿ ಅನ್ನೋರಿಗೆ ಏನೂ ಹೇಳೋಕಾಗಲ್ಲ, ಒಳಗಿನ ತೇವ ಎಲ್ಲಿಗೆ ಹೋಗ್ಬೇಕು ಪಾಪ.

ಇನ್ನೊಂದು, ನಿಮ್ಮ ತೋಟದ ಬಿದಿರಾದ್ರೆ ತೊಂದ್ರೆ ಇಲ್ಲ, 2017ರಲ್ಲಿ ಕಾನೂನು ತಿದ್ದುಪಡಿ ಆಗಿ ಕಾಡಿನ ಹೊರಗಿನ ಬಿದಿರನ್ನ ಮರ ಅನ್ನೋ ಲೆಕ್ಕದಿಂದ ತೆಗೆದಿದ್ದಾರೆ. ಫಾರೆಸ್ಟ್ ಒಳಗಿಂದ ಅಜ್ಜಿ ತರ್ತಾರೆ ಅಂದ್ರೆ ಅದು ಬೇರೆ ಕಥೆ, ಮೊದ್ಲು ರೇಂಜ್ ಆಫೀಸಲ್ಲಿ ಕೇಳಿ.

ಮಂಜಿನೂರು_ಕ್ಲಿಕ್:
ಹಸಿರು ಬರೋದು ಕ್ಯಾಮೆರಾ ದೋಷ ಅಲ್ಲ. ಕಾಫಿ ಗಿಡದ ಮಧ್ಯೆ, ಸಿಲ್ವರ್ ಓಕ್ ನೆರಳಲ್ಲಿ ಇಟ್ಟು ತೆಗೆದ್ರೆ ಎಲೆಗೆ ಬಿದ್ದ ಬೆಳಕೇ ಬುಟ್ಟಿ ಮೇಲೆ ಬೀಳುತ್ತೆ. ಜಗಲಿಗೆ ತನ್ನಿ, ಮೋಡ ಮುಚ್ಚಿದ ಹೊತ್ತು ಬೆಸ್ಟ್, ಬೆಳಕು ಒಂದು ಪಕ್ಕದಿಂದ ಬರೋ ಹಾಗೆ ಇಡಿ, ಎದುರಿಂದ ಬಂದ್ರೆ ಹೆಣಿಗೆ ಚಪ್ಪಟೆ ಆಗ್ಬಿಡುತ್ತೆ. ಇನ್ನೊಂದು ಪಕ್ಕಕ್ಕೆ ಬಿಳಿ ಪಂಚೆ ಕಟ್ಟಿ ಸಾಕು. ಕ್ಯಾಮೆರಾದಲ್ಲಿ ಬಣ್ಣ ಸರಿಮಾಡೋ ಆಟೋ ವೈಟ್ ಬ್ಯಾಲೆನ್ಸ್ ಬಿಟ್ಟು ಬಿಳಿ ಕಾಗದ ತೋರಿಸಿ ಸೆಟ್ ಮಾಡ್ಕೊಳ್ಳಿ. ಒಂದು ಫೋಟೋ ಪೂರ್ತಿ ಬುಟ್ಟಿದು, ಒಂದು ಅಂಚು ಕಟ್ಟಿದ ಕಡೆ ತೀರಾ ಹತ್ತಿರದಿಂದ, ಕೊಳ್ಳೋರು ನೋಡೋದೇ ಅಂಚನ್ನ.

ಕಾರ್ಡಿಗೆ ಕಾಫಿ ಹೂ ಎಲ್ರೂ ಹಾಕ್ತಾರೆ ಅಕ್ಕ. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಅರಳುತ್ತೆ, ಎರಡು ಮೂರು ದಿನಕ್ಕೆ ಮುಗೀತು, ಆ ಮೂರು ದಿನ ಇಡೀ ಕೊಡಗೇ ಫೋಟೋಗ್ರಾಫರ್. ನೀವು ಕಣದಲ್ಲಿ ಒಣಗೋ ಕಾಫಿ ಹಣ್ಣು, ಬುಡದಲ್ಲಿ ಬಿದ್ದಿರೋ ಹಾಲವಾಣ ಹೂ, ಗದ್ದೆ ಬದುವಲ್ಲಿ ನಿಲ್ಲೋ ಕೊಕ್ಕರೆ ಇಂಥದ್ದು ತೆಗೀರಿ. ಮೇ ಕೊನೆಗೆ ಮಿಂಚುಹುಳ ಇದ್ಯಲ್ಲ, ಟ್ರೈಪಾಡ್, 20-30 ಸೆಕೆಂಡ್ ಎಕ್ಸ್‌ಪೋಶರ್, ಫ್ಲಾಶ್ ಬೇಡ, ಟಾರ್ಚ್ ಕೂಡ ಆಫ್, ಬೆಳಕು ಬಿದ್ರೆ ಅವು ಮಿನುಗೋದೇ ನಿಲ್ಲಿಸ್ತವೆ. ಗೂಡಿರೋ ಮಂಗಟ್ಟೆ ಹಕ್ಕಿ ಫೋಟೋ ಏನಾದ್ರೂ ಇದ್ರೆ ಜಾಗದ ಹೆಸರು ಹಾಕ್ಲೇಬೇಡಿ. ಹೆಣ್ಣು ಪೊಟರೆ ಒಳಗೆ ಕೂತು ಬಾಗಿಲು ಮುಚ್ಕೊಂಡಿರುತ್ತೆ, ಜನ ಜಮಾಯಿಸಿದ್ರೆ ಗಂಡು ಊಟ ತಂದು ಕೊಡೋಕೇ ಬರಲ್ಲ. ಮತ್ತೆ ಲೆನ್ಸ್‌ನ ಬ್ಯಾಗಲ್ಲಿ ಬಿಡ್ಬೇಡಿ, ನಮ್ಮ ಜುಲೈಗೆ ಫಂಗಸ್ ಗ್ಯಾರಂಟಿ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಅದರಲ್ಲಿಡಿ.

ಶುಕ್ರವಾರ_ಸಂತೆ:
ಅಜ್ಜಿ ಫೋಟೋ ದೊಡ್ಡದಾಗಿ ಹಾಕಿ, ಕೆಳಗೆ ಆದಿವಾಸಿ ಕಲೆ ಅಂತ ಬರೀರಿ, ಬೆಂಗಳೂರಿನವ್ರು ಡಬಲ್ ರೇಟ್ ಕೊಟ್ಟು ತಗೋತಾರೆ.

ಬಿದಿರುಮೆಳೆ:
ಅಣ್ಣ ಇದೇ ನಂಗೆ ಆಗಲ್ಲ. ಮುಖ ತೋರಿಸಿ ಡಬಲ್ ರೇಟ್ ತಗೊಂಡ್ರೆ ಆ ಡಬಲ್ ಯಾರ ಕೈಗೆ ಹೋಗುತ್ತೆ? ಅಜ್ಜಿನ ಕೇಳಿ, ಅವ್ರು ಬೇಡ ಅಂದ್ರೆ ಕೈ ಮಾತ್ರ ತೆಗೀರಿ, ಸೀಳೋ ಕೈ ನೋಡಿದ್ರೇ ಸಾಕು. ರೇಟ್ ಅಂದ್ರೆ ಮೊದ್ಲು ಅಜ್ಜಿ ಒಂದು ಬುಟ್ಟಿಗೆ ಎಷ್ಟು ಹೊತ್ತು ಕೂರ್ತಾರೆ ನೋಡಿ, ತೋಟದ ದಿನಗೂಲಿ ಲೆಕ್ಕದಲ್ಲಿ ಅಷ್ಟು ಹೊತ್ತಿನ ದುಡ್ಡು ಅವ್ರಿಗೆ ಬುಟ್ಟಿ ಕೊಟ್ಟ ದಿನಾನೇ ಸಿಗ್ಬೇಕು, ಸೇಲ್ ಆದ್ರೂ ಆಗ್ದಿದ್ರೂ. ಅಂಗಡಿಗೆ ಕೊಡೋ ಕಮಿಷನ್, ನಿಮ್ ಲಾಭ ಎಲ್ಲ ಅದ್ರ ಮೇಲೆ.

ಅಜ್ಜಿ ಹೆಸರಲ್ಲಿ ಪಿಎಂ ವಿಶ್ವಕರ್ಮಕ್ಕೆ, ಅಂದ್ರೆ ಕೈಕಸುಬಿನವ್ರಿಗೆ ಇರೋ ಕೇಂದ್ರ ಸರ್ಕಾರದ ಯೋಜನೆಗೆ ಅರ್ಜಿ ಹಾಕ್ಸಿ. 2023ರಲ್ಲಿ ಶುರುವಾಗಿದ್ದು, ಅದ್ರಲ್ಲಿರೋ 18 ಕಸುಬಲ್ಲಿ ಬುಟ್ಟಿ, ಚಾಪೆ ಹೆಣೆಯೋದೂ ಇದೆ, ಟ್ರೈನಿಂಗ್ ಟೈಮಲ್ಲಿ ದಿನಕ್ಕೆ 500, ಟೂಲ್‌ಕಿಟ್‌ಗೆ 15,000 ರೂಪಾಯಿ ತನಕ ಅಂತ ಇದೆ. ಪಂಚಾಯಿತಿಲಿ ವೆರಿಫೈ ಆಗ್ಬೇಕು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇಟ್ಕೊಂಡು ನೀವೇ ಜೊತೆಗೆ ಹೋಗಿ.

ಮಂಜಿನೂರು_ಕ್ಲಿಕ್:
ಅಕ್ಕ ಒಂದು ನಿಮಿಷ, ಈಗ ಗಮನಿಸ್ದೆ, ಗುಲಗಂಜಿ ಸರ ಅಂದ್ರಾ? ಕೆಂಪಿಗೆ ಕಪ್ಪು ಚುಕ್ಕೆ ಇರೋದಾ? ಅದು ಪಕ್ಕಾ ವಿಷ. ಸಿಪ್ಪೆ ಗಟ್ಟಿ ಇರೋ ತನಕ ಒಳಗೇ ಇರುತ್ತೆ, ಸರ ಪೋಣಿಸೋಕೆ ನೀವು ತೂತು ಕೊರೀತೀರಲ್ಲ ಅಲ್ಲೇ ಸಮಸ್ಯೆ. ಟೂರಿಸ್ಟ್ ಮಕ್ಕಳು ಬಾಯಿಗೆ ಹಾಕೊಂಡು ಅಗಿದ್ರೆ ಏನ್ ಗತಿ. ಆನೆಗುಲಗಂಜಿ ಸಿಗುತ್ತಲ್ಲ, ಪೂರ್ತಿ ಕೆಂಪು, ಚುಕ್ಕೆ ಇರಲ್ಲ, ಸರಕ್ಕೆ ಅದನ್ನೇ ಹಾಕಿ, ಅದನ್ನೂ ಚಿಕ್ಕ ಮಕ್ಕಳ ಸರ ಅಂತ ಮಾರ್ಬೇಡಿ.

ಸಿದ್ದಾಪುರ_ತೋಟ:
ಅಯ್ಯೋ ದೇವ್ರೇ, ಚುಕ್ಕೆ ಇರೋದೇ. ಒಂದು ಡಬ್ಬಿ ತುಂಬ ಇದೆ, ಈಗ್ಲೇ ಎತ್ತಿಡ್ತೀನಿ. ಅಜ್ಜಿನ ಫೋಟೋ ವಿಷ್ಯ ಕೇಳ್ದೆ, ಮುಖ ಬೇಡ್ವಂತೆ, ಕೈ ಬೇಕಾದ್ರೆ ತೆಗಿ ಆದ್ರೆ ಬಳೆ ಹಾಕೊಂಡು ಬರ್ತೀನಿ ಅಂದ್ರು. ಬಿದಿರುಮೆಳೆ ಅಣ್ಣ, ನಮ್ಮಲ್ಲಿ ತೋಡು ಬೇಸಿಗೆಲಿ ಬತ್ತಿ ಹೋಗುತ್ತೆ, ಕೆರೆಲಿ ನೆನೆಸಿದ್ರೆ ಆಗುತ್ತಾ?

ಬಿದಿರುಮೆಳೆ:
ಆಗುತ್ತೆ, ನಿಂತ ನೀರಾದ್ರೆ ಬಿದಿರು ಸ್ವಲ್ಪ ಕಪ್ಪಾಗುತ್ತೆ ಅಷ್ಟೇ. ಕಲ್ಲು ಹೇರಿ ಪೂರ್ತಿ ಮುಳುಗಿಸಿ, ಸ್ಪ್ರಿಂಕ್ಲರ್ ಪಂಪ್ ಫುಟ್‌ವಾಲ್ವ್ ಇರೋ ಕಡೆಯಿಂದ ದೂರ ಇಡಿ, ಆ ನಾತದ ನೀರನ್ನ ಎಳೆದ್ರೆ ಮನೆಯವ್ರು ನಿಮ್ಮನ್ನ ಬಿಡಲ್ಲ.