ಜಾಝ್ ಡಿಗ್ರಿಗೆ ಮಗನನ್ನು ಅಮೆರಿಕಕ್ಕೆ ಕಳಿಸಬಹುದಾ? ಅನುಭವ ಇದ್ದವರು ಹೇಳಿ

ಮೈಸೂರಿನ ಅಪ್ಪ: ಮಗ ಎರಡನೇ ಪಿಯುಸಿ. ಟೆನರ್ ಸ್ಯಾಕ್ಸೊಫೋನ್ ನುಡಿಸುತ್ತಾನೆ, ಟ್ರಿನಿಟಿ ಎಂಟನೇ ಗ್ರೇಡ್ ಆಗಿದೆ. ಜಾಝ್ ಓದಲು ಅಮೆರಿಕಕ್ಕೇ ಹೋಗಬೇಕು ಅಂತ ಹಟ. ಮೊದಲು ಬಿಇ ಮುಗಿಸು ಅಂತ ನಾನು. ಏನು ಮಾಡಲಿ?

ಬಾಸ್ ಹೊತ್ತವನು: ಸ್ಯಾಕ್ಸ್ ಅಂದ್ರಲ್ಲ, ಅರ್ಧ ಬಚಾವಾದಿರಿ. ನನ್ನದು ಡಬಲ್ ಬಾಸ್, ಆಳೆತ್ತರದ ತಂತಿವಾದ್ಯ. ವಿಮಾನಕ್ಕೆ ಹಾಕುವ ಗಟ್ಟಿ ಕೇಸ್‌ಗೇ ಎರಡೂವರೆ ಲಕ್ಷ. ಲಗೇಜ್ ದಂಡ ಬೇರೆ. ಅಲ್ಲಿ ಚಳಿಗಾಲದಲ್ಲಿ ಹೀಟರ್‌ನ ಒಣಗಾಳಿಗೆ ಅಂಟು ಬಿಟ್ಟು, ಮೇಲ್ಹಲಗೆ ಪಕ್ಕದಲ್ಲಿ ಉಗುರು ತೂರುವಷ್ಟು ಸೀಳಿತು. ರಿಪೇರಿಗೆ 450 ಡಾಲರ್. ತಂತಿ ಒಂದು ಸೆಟ್‌ಗೆ 230. ಮನೆಗೆ ಹೇಳಿರಲಿಲ್ಲ, ಒಂದು ತಿಂಗಳು ಅನ್ನ-ಮೊಸರು. ಇದೆಲ್ಲ ಹೋಗಲಿ. ಊರಿನ ರೆಸ್ಟೋರೆಂಟ್‌ನಲ್ಲಿ ಶುಕ್ರವಾರದ ಟ್ರಿಯೊಗೆ ಕರೆದರು, ರಾತ್ರಿಗೆ 80 ಡಾಲರ್. ಎಫ್-1 ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ದುಡಿಯಬಹುದು. ಹೊರಗೆ ಅನುಮತಿ ಇಲ್ಲದೆ ದುಡ್ಡು ಮುಟ್ಟೋ ಹಾಗಿಲ್ಲ. ನನ್ನ ಜಾಗಕ್ಕೆ ನನಗಿಂತ ಕಳಪೆ ನುಡಿಸುವವನು ಹೋದ. ಅವನ ಬ್ಲೂಸ್‌ನಲ್ಲಿ ಒಂದು ಸುತ್ತಿನ ಹನ್ನೆರಡು ಬಾರ್ (ತಾಳದ ಆವರ್ತದಂಥ ಅಳತೆ) ಒಮ್ಮೆಯೂ ಸರಿಯಾಗಿ ಹನ್ನೆರಡೇ ಆಗಿರಲಿಲ್ಲ! ಡಿಗ್ರಿ ಆದಮೇಲೆ ಒಪಿಟಿ, ಅಂದರೆ ಓದಿದ ವಿಷಯದಲ್ಲೇ ಅಲ್ಲಿ ಕೆಲಸ ಮಾಡುವ ಅನುಮತಿ, 12 ತಿಂಗಳು, ಅಷ್ಟೇ. ಕಂಪ್ಯೂಟರ್ ಸೈನ್ಸ್ ಓದಿದ ರೂಮ್‌ಮೇಟ್‌ಗೆ ಇನ್ನೂ 24 ತಿಂಗಳು ಸಿಕ್ಕಿತು. ನಾನೀಗ ಬೆಂಗಳೂರಿನ ಹೋಟೆಲಲ್ಲಿ ಭಾನುವಾರದ ಬ್ರಂಚ್‌ಗೆ ನುಡಿಸುತ್ತೇನೆ. ಚಟ್ನಿ ಕೇಳೋರೇ ಜಾಸ್ತಿ.

ಡೆಂಟನ್ ಅಮ್ಮ: ಸುಮ್ನೆ ಹೆದರಿಸಬೇಡಿ. ನನ್ನ ಮಗಳು ಟೆಕ್ಸಾಸ್‌ನ ಡೆಂಟನ್‌ನಲ್ಲಿ ಟ್ರೊಂಬೋನ್. ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಾಸ್‌ನಲ್ಲಿ 1947ರಿಂದ ಜಾಝ್ ಡಿಗ್ರಿ ಇದೆ. ಅಭ್ಯಾಸದ ಗಂಟೆಯೇ ಬ್ಯಾಂಡ್‌ನ ಹೆಸರು. ಮೇಲಿನದು 'ಒನ್ ಓ ಕ್ಲಾಕ್'. ನಮ್ಮವಳು ತುಂಬಾ ಕೆಳಗೆ ಶುರು ಮಾಡಿದಳು, ಅತ್ತಳು, ಆಮೇಲೆ ಹತ್ತಿದಳು. ಇನ್ನು ದುಡ್ಡು. 1,000 ಡಾಲರ್‌ಗೆ ಕಡಿಮೆ ಇಲ್ಲದ ಸ್ಪರ್ಧಾ ಸ್ಕಾಲರ್‌ಶಿಪ್ ಸಿಕ್ಕಿದರೆ, ಹೊರಗಿನವರಿಗೂ ಟೆಕ್ಸಾಸ್‌ನವರ ಫೀಸನ್ನೇ ಹಾಕಲು ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಿಗೆ ಅವಕಾಶ ಇದೆ. ನಮಗೆ ಸಿಕ್ಕಿತು. ವಿಚಾರಿಸದೆ ಹೋದವರು ಆಮೇಲೆ ಗೊಣಗುತ್ತಾರೆ.

ಬಾಸ್ ಹೊತ್ತವನು: ಮೇಡಂ, ನಾನು ಓದಿದ್ದು ಟೆಕ್ಸಾಸ್‌ನಲ್ಲಲ್ಲ. ನಿಮ್ಮ ಮಗಳ ಒಪಿಟಿ ಮುಗಿಯಲಿ, ಆಮೇಲೆ ಮಾತಾಡೋಣ.

ಡೆಂಟನ್ ಅಮ್ಮ: ಮಕ್ಕಳ ಬಗ್ಗೆ ಹೀಗೆ ಅಪಶಕುನ ನುಡಿಯೋದಾ?

ಲಯಪ್ರಿಯ: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಡಿಗ್ರಿ ಯಾಕೆ ಬೇಕು ಸ್ವಾಮಿ? ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್ ಕಂಡಿದ್ದು ನಿಮ್ಮ ಮೈಸೂರು ಅರಮನೆ ಬ್ಯಾಂಡ್‌ನಲ್ಲಿ. ಯಾವ ಜಾಝ್ ಕ್ಲಾಸಿಗೂ ಹೋಗದೆ 1994ರಲ್ಲಿ ಲಂಡನ್‌ನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. ನಾನು ಮೃದಂಗ ಕಲಿತವನು, ಯಾವ ಜಾಝ್ ಡ್ರಮ್ಮರ್ ಜೊತೆಗೂ ಕೂರುತ್ತೇನೆ.

ಕಲೋನ್ ಕನ್ನಡಿಗ: ಅವರು ನುಡಿಸಿದ್ದು ಕರ್ನಾಟಕ ಸಂಗೀತ. ಪ್ರಶ್ನೆ ಇರುವುದು ಜಾಝ್ ಬಗ್ಗೆ. 2008ರಲ್ಲಿ ಅವರ ಜೊತೆ ಆಲ್ಬಮ್ ಮಾಡಿದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅಮೆರಿಕದ ಬರ್ಕ್ಲಿ ಸಂಗೀತ ಕಾಲೇಜಲ್ಲಿ ಓದಿದವರು, 2016ರಿಂದ ಪ್ರಿನ್ಸ್‌ಟನ್‌ನಲ್ಲಿ ಜಾಝ್ ವಿಭಾಗದ ಮುಖ್ಯಸ್ಥರು. ಇರಲಿ. ಎಲ್ಲರೂ ಅಮೆರಿಕ ಅಮೆರಿಕ ಅಂತೀರಲ್ಲ, ಜರ್ಮನಿ ಯಾರಿಗೂ ಕಾಣಲ್ವಾ? ಕಲೋನ್‌ನ ಸರ್ಕಾರಿ ಸಂಗೀತ ಕಾಲೇಜಲ್ಲಿ ನನಗೆ ಟ್ಯೂಷನ್ ಫೀಸೇ ಇರಲಿಲ್ಲ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ಒಟ್ಟಿಗೆ ತೆಗೆಯಲಾಗದ ಬ್ಯಾಂಕ್ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕು, ಅದು ನಿಮ್ಮ ದುಡ್ಡೇ, ತಿಂಗಳಿಗೆ 992ರಂತೆ ವಾಪಸ್ ಬರುತ್ತದೆ. ಎಂಟ್ರೆನ್ಸ್‌ನಲ್ಲಿ ಪಿಯಾನೋ, ಥಿಯರಿ, ಕಿವಿ ಪರೀಕ್ಷೆ ಎಲ್ಲ ಇತ್ತು. ಜರ್ಮನ್ ಕಲಿಯಲು ಒಂದು ವರ್ಷ ಹೋಯಿತು, ಕೋಚಿಂಗ್‌ಗೆ 85 ಸಾವಿರ.

ಡೆಂಟನ್ ಅಮ್ಮ: ಫ್ರೀ ಅಂತ ಹೇಳಿ ಕೊನೆಗೆ 85 ಸಾವಿರ ಸೇರಿಸಿದಿರಿ. ಬಾಡೆನ್-ವುರ್ಟೆಂಬರ್ಗ್‌ನಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸು, ಅದನ್ನೂ ಹೇಳಿ.

ಕಲೋನ್ ಕನ್ನಡಿಗ: ಕಲೋನ್ ಆ ರಾಜ್ಯದಲ್ಲಿಲ್ಲ ತಾಯಿ. ಮ್ಯಾಪ್ ನೋಡಿ.

ಮೈಸೂರಿನ ಅಪ್ಪ: ಬಿಇ ಬಗ್ಗೆ ಯಾರಾದರೂ...

ಲಯಪ್ರಿಯ: ಬಿಇ, ಡಿಗ್ರಿ ಎರಡೂ ಬೇಡ. ಜಾಝ್‌ನ ಆ ತೂಗಾಡುವ ಲಯ, ಸ್ವಿಂಗ್, ಅಂದರೆ ಏನು ಮಹಾ? ತಕಿಟ ಹೇಳಿ, ಮೊದಲ ಎರಡನ್ನು ಕೂಡಿಸಿ ಮೂರನೆಯದನ್ನು ಹೊಡೆಯಿರಿ. ಒಂದು ಬಡಿತಕ್ಕೆ ಮೂರು ಪಾಲು, ತಿಶ್ರ ನಡೆ. ಮುಗೀತು.

ಬಾಸ್ ಹೊತ್ತವನು: ಇದಕ್ಕೇ ಕ್ಲಾಸಿಗೆ ಹೋಗಿ ಅನ್ನೋದು. ವೇಗ ಏರಿದಂತೆ ಆ ಉದ್ದ-ಗಿಡ್ಡ ಎರಡು ಸ್ವರ ಹೆಚ್ಚುಕಮ್ಮಿ ಒಂದೇ ಅಳತೆ ಆಗುತ್ತವೆ, ತಿಶ್ರ ಎಲ್ಲಿ ಉಳಿಯಿತು? ಹೈಹ್ಯಾಟ್ (ಡ್ರಮ್ಮರ್ ಕಾಲಲ್ಲಿ ಬಡಿಯುವ ಜೋಡಿ ತಾಳ) ನಾಲ್ಕು ಬಡಿತದಲ್ಲಿ ಎರಡು-ನಾಲ್ಕರ ಮೇಲೆ ಬೀಳಬೇಕು. ನೀವು ಸಮಕ್ಕೆ, ಅಂದರೆ ಮೊದಲ ಬಡಿತಕ್ಕೆ, ಚಪ್ಪಾಳೆ ತಟ್ಟಿದರೆ ಇಡೀ ಬ್ಯಾಂಡ್ ತಿರುಗಿ ನೋಡುತ್ತದೆ.

ಲಯಪ್ರಿಯ: ಬ್ರಂಚ್‌ನಲ್ಲಿ ಚಟ್ನಿ ಬಡಿಸೋರ ಹತ್ತಿರ ಲಯ ಕಲಿಯೋ ಗತಿ ನನಗಿನ್ನೂ ಬಂದಿಲ್ಲ.

ಬಾಸ್ ಹೊತ್ತವನು: ಭಾನುವಾರ ಬನ್ನಿ, ಮೃದಂಗ ತನ್ನಿ. ಮೆಟ್ರೊನೋಮ್ ನಿಮಿಷಕ್ಕೆ 280 ಬಡಿತಕ್ಕೆ ಇಡುತ್ತೇನೆ, ನಿಮ್ಮ ತಕಿಟ ನುಡಿಸಿ ತೋರಿಸಿ.