ನನ್ನ ಚಿತ್ರದಲ್ಲಿ ಬೆಟ್ಟ ಗದ್ದೆಗೇ ಅಂಟಿಕೊಂಡಂತೆ ಕಾಣುತ್ತಿದೆ, ಏನು ಮಾಡಲಿ?

ಪ್ರಶ್ನೆ, ಪಾಂಡವಪುರದಿಂದ:
ಪೆನ್ ಟ್ಯಾಬ್ಲೆಟ್ ತಗೊಂಡು ಮೂರು ತಿಂಗಳಾಯಿತು. ಕ್ರಿತಾ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ನಮ್ಮೂರ ಕಬ್ಬಿನ ಗದ್ದೆ, ಒಂದು ತೆಂಗಿನ ಮರ, ಹಿಂದೆ ಕುಂತಿಬೆಟ್ಟ, ಸಂಜೆ ಬಿಸಿಲು ಬಿಡಿಸಿದ್ದೇನೆ. ಕಬ್ಬಿನ ಒಂದೊಂದು ಗರಿಯನ್ನೂ ಬರೆದಿದ್ದೇನೆ. ಆದರೂ ಬೆಟ್ಟ ಹಿಂದಕ್ಕೆ ಹೋಗುತ್ತಲೇ ಇಲ್ಲ. ನಮ್ಮಕ್ಕ ನೋಡಿ "ಜಮಖಾನ ಚೆನ್ನಾಗಿದೆ" ಅಂದಳು. ಚಿತ್ರ ಹಾಕಿದ್ದೇನೆ, ನೋಡಿ ಹೇಳಿ.

ಸರಸ್ವತಿಪುರಂ, ಮೈಸೂರು:
ನಾನೂ ಒಂದು ವರ್ಷ ಇಲ್ಲೇ ಸಿಕ್ಕಿಕೊಂಡಿದ್ದೆ. ಬಣ್ಣ ಬದಲಿಸಿ ಬದಲಿಸಿ ಸಾಕಾಗಿತ್ತು. ತೊಂದರೆ ಬಣ್ಣದಲ್ಲಿ ಇರಲಿಲ್ಲ, ತಿಳಿ-ಗಾಢದಲ್ಲಿತ್ತು. ಎಲ್ಲದರ ಮೇಲೆ ಒಂದು ಹೊಸ ಲೇಯರ್ (ಪದರ) ಹಾಕಿ, ಪೂರ್ತಿ ಕಪ್ಪು ತುಂಬಿ, ಬ್ಲೆಂಡಿಂಗ್ ಮೋಡ್ (ಆ ಪದರ ಕೆಳಗಿನದರ ಜೊತೆ ಬೆರೆಯುವ ರೀತಿ) 'ಕಲರ್'ಗೆ ಇಡಿ. ಚಿತ್ರ ಕಪ್ಪು-ಬಿಳುಪಾಗುತ್ತದೆ. ಬೆಟ್ಟವೂ ಗದ್ದೆಯೂ ಒಂದೇ ಬೂದು ಬಣ್ಣವಾಗಿ ಕಂಡರೆ ರೋಗ ಸಿಕ್ಕಿತು ಅಂತ ತಿಳಿಯಿರಿ.

ನನಗೆ ಇದು ಹೊಳೆದಿದ್ದು ಚಾಮುಂಡಿ ಬೆಟ್ಟ ಬಿಡಿಸುವಾಗ. ಬೆಟ್ಟ ಹಸಿರು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಬೆಳಿಗ್ಗೆ ದೂರದಿಂದ ಫೋಟೊ ತೆಗೆದು, ಐಡ್ರಾಪರ್‌ನಲ್ಲಿ ಬಣ್ಣ ಎತ್ತಿ ನೋಡಿದೆ. ತೆಳು ನೀಲಿ-ಬೂದು! ಹಸಿರಿನ ಸುಳಿವೇ ಇಲ್ಲ. ನಡುವಿನ ಗಾಳಿ ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತದೆ, ದೂರದ ಕಪ್ಪೆಲ್ಲ ತಿಳಿಯಾಗಿ ಕಾಣುತ್ತದೆ. ಹಾಗಾಗಿ ಕುಂತಿಬೆಟ್ಟದ ಅತಿ ಗಾಢ ನೆರಳು ಕೂಡ ಮುಂದಿನ ಕಬ್ಬಿನ ನೆರಳಿಗಿಂತ ತಿಳಿಯಾಗಿರಲಿ. ಬಂಡೆಗಳ ಗೆರೆ ಮುಕ್ಕಾಲು ಪಾಲು ಅಳಿಸಿ. ಕಷ್ಟಪಟ್ಟು ಬರೆದಿದ್ದು, ಹೊಟ್ಟೆ ಉರಿಯುತ್ತದೆ, ಗೊತ್ತು.

ಮದ್ದೂರು:
ಒಂದೊಂದೇ ಗರಿ ಬರೆಯೋದು ಬಿಡಿ. ಬೆಳೆದ ಕಬ್ಬು ದೂರಕ್ಕೆ ಗೋಡೆ ಥರ ಕಾಣುತ್ತದೆ. ಮೊದಲು ಆ ಗೋಡೆ ಹಾಕಿ. ತೀರಾ ಮುಂದೆ ನಾಲ್ಕೈದು ಗರಿ, ಒಂದೆರಡು ಸೂಲಂಗಿ (ಕಬ್ಬಿನ ಹೂ) ಸಾಕು. ಗದ್ದೆ ಮಧ್ಯೆ ಒಂದು ನಾಲೆ ಬಿಟ್ಟುನೋಡಿ, ಹತ್ತಿರ ಅಗಲ, ಹೋಗ್ತಾ ಹೋಗ್ತಾ ಸಣ್ಣ. ಕಣ್ಣು ತಾನೇ ಬೆಟ್ಟದ ಕಡೆ ಹೋಗುತ್ತದೆ. ಆಕಾಶ ಅರ್ಧ, ನೆಲ ಅರ್ಧ ಮಾಡಿದ್ದೀರಿ, ಯಾವುದಾದರೂ ಒಂದನ್ನು ಕಡಿಮೆ ಮಾಡಿ. ಕ್ರಿತಾದಲ್ಲಿ 'ಎಂ' ಕೀ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ನೋಡಿದಂತೆ ತಿರುಗುತ್ತದೆ. ಓರೆಕೋರೆ ಆಗ ಕಣ್ಣಿಗೆ ಹೊಡೆಯುತ್ತದೆ.

ಕುವೆಂಪುನಗರ, ಮೈಸೂರು:
ಸೂರ್ಯ ಎಡಗಡೆ ಇದ್ದಾನೆ, ತೆಂಗಿನ ಮರದ ನೆರಳೂ ಎಡಕ್ಕೇ ಬಿದ್ದಿದೆಯಲ್ಲ! ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ದೀಪ ಹಿಡಿದ ಹೆಂಗಸಿನ ಜಲವರ್ಣ ಇದೆ. ಕಲಾವಿದ ಹಲ್ದಂಕರ್ ಅವರದು (ರವಿವರ್ಮರದು ಅಂತ ನಮ್ಮ ಮನೆಯಲ್ಲಿ ಈಗಲೂ ವಾದ). ಅಲ್ಲಿ ಬೆಳಕು ಬರೋದು ಆ ಒಂದು ದೀಪದಿಂದ. ಬೆರಳುಗಳು ಕೆಂಪಗೆ ಹೊಳೆಯುತ್ತವೆ, ಮುಖದ ಮೇಲೆ ಸ್ವಲ್ಪ, ಉಳಿದದ್ದೆಲ್ಲ ಮಬ್ಬು. ನೀವೂ ಬಿಸಿಲನ್ನು ಎಲ್ಲ ಕಡೆ ಹಂಚಬೇಡಿ. ಇನ್ನೊಂದು, ನೆರಳಿಗೆ ಸುಮ್ನೆ ಕಪ್ಪು ಬಳಿಯಬೇಡಿ. ಸಂಜೆ ಬಿಸಿಲು ಕಿತ್ತಳೆ ಇದ್ದರೆ, ನೆರಳಿಗೆ ಆಕಾಶದ ನೀಲಿ ಸೇರಿಸಿ.

ಪಾಂಡವಪುರದಿಂದ ಮತ್ತೆ:
ಕಪ್ಪು ಲೇಯರ್ ಹಾಕಿದೆ. ಎಲ್ಲ ಒಂದೇ ಬೂದು, ನಗು ಬಂತು. ಬೆಟ್ಟ ತಿಳಿ ಮಾಡಿದ ಮೇಲೆ ಹಿಂದೆ ಸರಿಯಿತು. ತೆಂಗಿನ ಮರದ ನೆರಳು ನಾಳೆ ತಿರುಗಿಸುತ್ತೇನೆ. ಅಕ್ಕ ಈ ಸಲ ಜಮಖಾನ ಅನ್ನಲಿಲ್ಲ. "ಬಂಡೆ ಎಲ್ಲ ಎಲ್ಲಿ ಹೋಯ್ತು?" ಅಂದಳು.